12345654321: ಇದರಲ್ಲಿ ನಿಜವಾಗಿ ಏನಾದರೂ ಇದೆಯಾ, ಸುಮ್ನೆ ವಾಟ್ಸಾಪ್ ಪುಕಾರಾ?

ಹಾಸನದ_ಹರಟೆ
ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೆ ದೊಡ್ಡಮಾವ ಒಂದು ಫಾರ್ವರ್ಡ್ ಹಾಕಿದ್ದಾರೆ. 111111 ಅನ್ನು 111111ರಿಂದಲೇ ಗುಣಿಸಿದರೆ 12345654321 ಬರುತ್ತದಂತೆ. ಅಷ್ಟು ಸರಿ, ಫೋನಿನಲ್ಲಿ ಹಾಕಿದೆ, ಬಂತು. ಅದರ ಕೆಳಗೆ ಬರೆದಿರೋದು ನೋಡಿ: "ಇದು ವೇದಕಾಲದ ರಹಸ್ಯ ಸಂಖ್ಯೆ. ನಮ್ಮ ಹತ್ತರ ಲೆಕ್ಕದಲ್ಲಿ ಮಾತ್ರ ಹೀಗೆ ಬರುತ್ತದೆ, ಬೇರೆ ಯಾವ ಲೆಕ್ಕದಲ್ಲೂ ಬರುವುದಿಲ್ಲ. ವಿದೇಶದ ವಿಜ್ಞಾನಿಗಳು ಕಾರಣ ಹುಡುಕಿ ಸೋತಿದ್ದಾರೆ. ಹತ್ತು ಜನರಿಗೆ ಕಳಿಸಿ."

ನಾನು "ಇದೆಲ್ಲ ಸುಳ್ಳು ಮಾವ" ಅಂದೆ. "ಸುಳ್ಳಾದರೆ ಕಾರಣ ನೀನೇ ಹೇಳು" ಅಂದರು. ಅಲ್ಲಿಗೆ ನನ್ನ ಬಾಯಿ ಬಂದ್. ಈ ಸಂಖ್ಯೆ ಯಾಕೆ ಹೀಗೆ ಹತ್ತಿ ಇಳಿಯುತ್ತದೆ? ಎಲ್ಲಿಯವರೆಗೆ ಹೀಗೇ ಹೋಗುತ್ತದೆ? ನೋಡೋಕೆ ಚೆನ್ನಾಗಿದೆ ಅನ್ನೋದು ಬಿಟ್ಟು ಬೇರೆ ಏನಾದರೂ ವಿಶೇಷ ಇದೆಯಾ? ಗೊತ್ತಿರುವವರು ಬಿಡಿಸಿ ಹೇಳಿ, ಭಾನುವಾರ ಮಾವ ಮನೆಗೆ ಬರುತ್ತಾರೆ.

ಸುಮ್ನೆ_ಓದುಗ
ಹತ್ತು ಜನಕ್ಕೆ ಕಳಿಸಿದ್ರಾ ಇಲ್ವಾ, ಅದನ್ನ ಮೊದಲು ಹೇಳಿ.

ನಿವೃತ್ತ_ಮೇಷ್ಟ್ರು
ರಹಸ್ಯ ಏನೂ ಇಲ್ಲ. ಕ್ಯಾಲ್ಕುಲೇಟರ್ ಪಕ್ಕಕ್ಕಿಟ್ಟು ಪೆನ್ನು ಹಿಡಿಯಿರಿ. 111111ರ ಕೆಳಗೆ 111111 ಬರೆದು, ಪ್ರೈಮರಿ ಶಾಲೆಯಲ್ಲಿ ಮಾಡುತ್ತಿದ್ದ ಹಾಗೆ ಗುಣಿಸಿ. ಒಂದರ ಮಗ್ಗಿ ಬಂದರೆ ಸಾಕು. ಆರು ಸಾಲು ಬರುತ್ತವೆ. ಆರರಲ್ಲೂ 111111 ಇರುತ್ತದೆ, ಒಂದೊಂದು ಸಾಲೂ ಒಂದೊಂದು ಮನೆ ಎಡಕ್ಕೆ ಸರಿದಿರುತ್ತದೆ.

ಈಗ ಕೂಡಿ. ಬಿಡಿ ಸ್ಥಾನದಲ್ಲಿ ಮೊದಲ ಸಾಲಿನ 1 ಮಾತ್ರ. ಹತ್ತರ ಸ್ಥಾನದಲ್ಲಿ ಎರಡು ಸಾಲು ಸೇರುತ್ತವೆ, 2. ನೂರರ ಸ್ಥಾನದಲ್ಲಿ 3. ಲಕ್ಷದ ಸ್ಥಾನಕ್ಕೆ ಬರುವ ಹೊತ್ತಿಗೆ ಆರೂ ಸಾಲು ಒಂದರ ಮೇಲೊಂದು ಕೂತಿರುತ್ತವೆ, 6. ಅಲ್ಲಿಂದ ಮುಂದೆ ಮೊದಲ ಸಾಲು ಮುಗಿಯಿತು, ಆಮೇಲೆ ಎರಡನೆಯದು, ಆಮೇಲೆ ಮೂರನೆಯದು. ಹಾಗಾಗಿ 5, 4, 3, 2, 1. ಇಷ್ಟೇ.

ಮುಖ್ಯವಾದ ಮಾತು ಇದು: ಯಾವ ಮನೆಯಲ್ಲೂ ಮೊತ್ತ 9 ದಾಟುವುದಿಲ್ಲ. ಕೈಯಲ್ಲಿ ಏನೂ ಉಳಿಯುವುದಿಲ್ಲ. ಕೈಯಲ್ಲಿ ಉಳಿಯಲು ಶುರುವಾದರೆ ಈ ಅಂದವೆಲ್ಲ ಹೋಗುತ್ತದೆ.

ಹಾಸನದ_ಹರಟೆ
ಮೇಷ್ಟ್ರೇ, ಅಡ್ಡಬಿದ್ದೆ. ಇದು ಮಾವನಿಗೂ ಅರ್ಥವಾಗುತ್ತದೆ. ಹಾಗಾದರೆ ಒಂಬತ್ತು ಒಂದುಗಳವರೆಗೂ ಹೀಗೇ ಬರಬೇಕಲ್ವಾ?

ಎಕ್ಸೆಲ್_ಎಂಕಣ್ಣ
ಇಲ್ಲ, ಒಂಬತ್ತಕ್ಕೆ ಕೆಡುತ್ತದೆ. ಈಗಷ್ಟೇ ಎಕ್ಸೆಲ್‌ನಲ್ಲಿ ಹಾಕಿ ನೋಡಿದೆ. ಎಂಟು ಒಂದುಗಳಿಗೆ 123456787654321, ಸರಿಯಾಗಿದೆ. ಒಂಬತ್ತು ಒಂದುಗಳಿಗೆ 12345678987654300 ಅಂತ ಬಂತು. ಕೊನೆಯ 21 ಮಾಯ. ಮೇಷ್ಟ್ರ ಲೆಕ್ಕ ಪೂರ್ತಿ ಸರಿ ಇಲ್ಲ.

ಕೋಡ್_ಕುಮಾರ
ಎಂಕಣ್ಣ, ಕೆಟ್ಟಿರೋದು ಎಕ್ಸೆಲ್, ಲೆಕ್ಕ ಅಲ್ಲ. ಎಕ್ಸೆಲ್ ಒಂದು ಸಂಖ್ಯೆಯಲ್ಲಿ 15 ಅಂಕಿಗಳನ್ನು ಮಾತ್ರ ಇಟ್ಟುಕೊಳ್ಳುತ್ತದೆ. ಉಳಿದ ಕಡೆ ಸೊನ್ನೆ ತುಂಬುತ್ತದೆ. ನಿಮ್ಮ ಉತ್ತರಕ್ಕೆ 17 ಅಂಕಿ ಬೇಕು. ನಿಜವಾದ ಉತ್ತರ 12345678987654321.

ಕೆಡುವುದು ಹತ್ತು ಒಂದುಗಳಿಗೆ. ನಡುವಿನ ಮನೆಯಲ್ಲಿ ಮೊತ್ತ 10 ಆಗುತ್ತದೆ, 0 ಬರೆದು ಕೈಯಲ್ಲಿ 1. ಅದು ಪಕ್ಕದ 9ಕ್ಕೆ ಸೇರಿ ಅಲ್ಲೂ 10. ಅಲ್ಲಿಂದ 8ಕ್ಕೆ ಒಂದು ಸೇರಿ 9. ಹಾಗಾಗಿ 1234567900987654321 ಬರುತ್ತದೆ. ಎಡಗಡೆ 8 ಕಾಣೆ, ನಡುವೆ ಎರಡು ಸೊನ್ನೆ. ಪೈಥಾನ್ ಅನ್ನುವ ಕಂಪ್ಯೂಟರ್ ಭಾಷೆಯಲ್ಲಿ ಹಾಕಿ ನೋಡಿ, ಅದು ಪೂರ್ಣ ಸಂಖ್ಯೆಗಳನ್ನು ಎಷ್ಟು ಉದ್ದ ಇದ್ದರೂ ಪೂರ್ತಿ ಇಟ್ಟುಕೊಳ್ಳುತ್ತದೆ.

ಎಕ್ಸೆಲ್_ಎಂಕಣ್ಣ
ನಮ್ಮ ಆಫೀಸಿನ ಲೆಕ್ಕವೆಲ್ಲ ಇದರ ಮೇಲೇ ನಡೆಯುತ್ತಿದೆ ಗುರು. ಹೆದರಿಸಬೇಡಿ.

ಕೋಡ್_ಕುಮಾರ
15 ಅಂಕಿಯ ಸಂಬಳ ಬರೋವರೆಗೂ ಹೆದರಬೇಡಿ.

ಅಂದಹಾಗೆ ಇನ್ನೊಂದು ತಮಾಷೆ. ಜಾವಾ ಅನ್ನುವ ಇನ್ನೊಂದು ಕಂಪ್ಯೂಟರ್ ಭಾಷೆಯಲ್ಲಿ ಮಾಮೂಲಿ 32 ಬಿಟ್ಟಿನ ಸಂಖ್ಯೆಯಾಗಿ 111111 ಗುಣಿಲೆ 111111 ಮಾಡಿ. ಉತ್ತರ ಮೈನಸ್ 539247567 ಬರುತ್ತದೆ! ಆ ಜಾಗದಲ್ಲಿ ಹಿಡಿಯುವ ಅತಿ ದೊಡ್ಡ ಸಂಖ್ಯೆ 2147483647. ನಮ್ಮದು ಅದರ ಐದೂಮುಕ್ಕಾಲು ಪಟ್ಟು ಇದೆ. ಹೆಚ್ಚಾಗಿದ್ದು ಸೋರಿಹೋಗಿ ಉಳಿದಿದ್ದು ಮೈನಸ್ ಆಗಿ ಕಾಣುತ್ತದೆ. ಹೊಸದಾಗಿ ಸೇರಿದ ಹುಡುಗರಿಗೆ ಇದನ್ನು ತೋರಿಸುತ್ತೇನೆ. 46340ರ ವರ್ಗದವರೆಗೆ ಕ್ಷೇಮ, 46341ಕ್ಕೆ ಹಳ್ಳ.

ತುಳುನಾಡ_ತುಡರ್
ಮಾರಾಯ್ರೆ, ಫಾರ್ವರ್ಡಿನ ಎರಡನೇ ಮಾತಿಗೆ ಯಾರೂ ಉತ್ತರ ಕೊಡಲೇ ಇಲ್ಲವಲ್ಲ. "ಹತ್ತರ ಲೆಕ್ಕದಲ್ಲಿ ಮಾತ್ರ" ಅನ್ನುವುದು ನಿಜವೋ?

ಕೋಡ್_ಕುಮಾರ
ಪೂರ್ತಿ ಸುಳ್ಳು. ಮೇಷ್ಟ್ರು ಹೇಳಿದ್ದರಲ್ಲೇ ಉತ್ತರ ಇದೆ. ಕೈಯಲ್ಲಿ ಉಳಿಯದಿದ್ದರೆ ಸಾಕು. ಅತಿ ದೊಡ್ಡ ಮೊತ್ತ 6. ಹಾಗಾದರೆ 6 ಅನ್ನುವ ಅಂಕಿ ಇರುವ ಯಾವ ಪದ್ಧತಿಯಲ್ಲೂ ಇದು ನಡೆಯುತ್ತದೆ. ಏಳರ ಪದ್ಧತಿ (0ರಿಂದ 6ರವರೆಗೆ ಏಳೇ ಅಂಕಿಗಳಲ್ಲಿ ಬರೆಯುವುದು), ಎಂಟರದು, ಕಂಪ್ಯೂಟರಿನ ಹದಿನಾರರದು, ಎಲ್ಲದರಲ್ಲೂ 111111ರ ವರ್ಗ ಬರೆದರೆ 12345654321 ಅಂತಲೇ ಕಾಣುತ್ತದೆ.

ಬೆಲೆ ಮಾತ್ರ ಬೇರೆ. ಏಳರ ಪದ್ಧತಿಯ 111111 ಅಂದರೆ ನಮ್ಮ 19608. ಅದರ ವರ್ಗ 384473664. ಅದನ್ನು ಏಳರ ಪದ್ಧತಿಗೆ ತಿರುಗಿಸಿ ಬರೆಯಿರಿ, 12345654321. ಆರರ ಪದ್ಧತಿಯಲ್ಲಿ ಕೆಡುತ್ತದೆ, ಯಾಕೆಂದರೆ ಅಲ್ಲಿ 6 ಅನ್ನುವ ಅಂಕಿಯೇ ಇಲ್ಲ. ನಮ್ಮ ಹತ್ತು ಬೆರಳಿಗೂ ಇದಕ್ಕೂ ಸಂಬಂಧ ಇಲ್ಲ.

ಪದ್ಮಕ್ಕ_ಮೈಸೂರು
ನಾನು ಸ್ಟ್ಯಾಟಿಸ್ಟಿಕ್ಸ್ ಪಾಠ ಮಾಡಿದವಳು. ಈ ಸಂಖ್ಯೆ ನೋಡಿದ ತಕ್ಷಣ ನನಗೆ ದಾಳ ಕಾಣಿಸಿತು. ಲೂಡೋ ದಾಳ ಎರಡನ್ನು ಒಟ್ಟಿಗೆ ಎಸೆಯಿರಿ. ಮೊತ್ತ 2 ಬರೋದಕ್ಕೆ ಒಂದೇ ದಾರಿ. 3 ಬರೋದಕ್ಕೆ ಎರಡು. 4ಕ್ಕೆ ಮೂರು. 7 ಬರೋದಕ್ಕೆ ಆರು ದಾರಿ. ಆಮೇಲೆ ಇಳಿಯುತ್ತದೆ, 12ಕ್ಕೆ ಮತ್ತೆ ಒಂದೇ. ಸಾಲಾಗಿ ಬರೆಯಿರಿ: 1, 2, 3, 4, 5, 6, 5, 4, 3, 2, 1. ನಮ್ಮ ಸಂಖ್ಯೆಯೇ! ಅಂಕಿಗಳನ್ನು ಕೂಡಿದರೆ 36, ಅಂದರೆ ಎರಡು ದಾಳಗಳ ಒಟ್ಟು ಸಾಧ್ಯತೆಗಳು, ಆರಾರಲೆ.

ಇದು ಆಕಸ್ಮಿಕ ಅಲ್ಲ. ಒಂದು ದಾಳದಲ್ಲಿ ಆರು ಮುಖ, ಒಂದೊಂದೂ ಒಂದು ಸಲ: ಅದೇ 111111. ಎರಡನೇ ದಾಳ ಇನ್ನೊಂದು 111111. ಮೇಷ್ಟ್ರು ಸಾಲು ಸರಿಸಿ ಕೂಡಿದ್ದಾರಲ್ಲ, ದಾಳದ ಮೊತ್ತ ಎಣಿಸುವಾಗಲೂ ನಾವು ಮಾಡುವುದು ಅದೇ ಕೆಲಸ.

ನಿವೃತ್ತ_ಮೇಷ್ಟ್ರು
ಪದ್ಮಕ್ಕ, ಇಷ್ಟು ವರ್ಷ ಪಾಠ ಮಾಡಿದೆ, ಇವೆರಡನ್ನೂ ಸೇರಿಸಿ ನೋಡಿರಲಿಲ್ಲ. ಬಹಳ ಚೆನ್ನಾಗಿದೆ.

ಮಲೆನಾಡ್_ಮಂಜ
ಅಕ್ಕ, ದಾಳ ಬಿಡಿ, ನಮ್ಮ ಕಡೆ ಚೌಕಾಬಾರ ಆಡೋದು ಕವಡೆಯಲ್ಲಿ. ಅದಕ್ಕೂ ಹೀಗೆ ಸಂಖ್ಯೆ ಇದೆಯಾ?

ಪದ್ಮಕ್ಕ_ಮೈಸೂರು
ಇದೆ! ಒಂದು ಕವಡೆಗೆ ಎರಡೇ ಸ್ಥಿತಿ, ಮಗುಚಿ ಅಥವಾ ಅಂಗಾತ. ಅಂದರೆ 11. ನಾಲ್ಕು ಕವಡೆ ಅಂದರೆ 11 ಅನ್ನು ನಾಲ್ಕು ಸಲ ಗುಣಿಸಬೇಕು: 14641. ಎಲ್ಲ ಅಂಗಾತ ಬಿದ್ದು ಚೌಕ ಬರುವುದಕ್ಕೆ ಒಂದು ದಾರಿ, ಎಲ್ಲ ಮಗುಚಿ ಬಿದ್ದು ಬಾರಾ ಬರುವುದಕ್ಕೆ ಒಂದು ದಾರಿ. ಒಂದಕ್ಕೆ ನಾಲ್ಕು, ಎರಡಕ್ಕೆ ಆರು, ಮೂರಕ್ಕೆ ನಾಲ್ಕು.

ಮಲೆನಾಡ್_ಮಂಜ
ಇದನ್ನ ಒಪ್ಪಲ್ಲ. ಕವಡೆ ಎರಡೂ ಕಡೆ ಒಂದೇ ಸಮ ಬೀಳಲ್ಲ. ನಮ್ಮ ಅಜ್ಜಿ ಹುಣಸೆ ಬೀಜವನ್ನ ಒಂದು ಕಡೆ ಕಲ್ಲಿಗೆ ಉಜ್ಜಿ ಬಿಳಿ ಮಾಡಿ ಆಡ್ತಿದ್ದರು. ಬೇಕಾದಾಗ ಚೌಕ ಹಾಕೋರು.

ಪದ್ಮಕ್ಕ_ಮೈಸೂರು
ನಾನು ಹೇಳಿದ್ದು ಎಷ್ಟು ದಾರಿ ಇದೆ ಅಂತ. ಆ ದಾರಿಗಳು ಎಷ್ಟು ಸಲ ಬರುತ್ತವೆ ಅನ್ನುವುದು ಬೇರೆ ಲೆಕ್ಕ, ಅದು ಬೀಜದ ಉಜ್ಜುವಿಕೆಗೆ ಬಿಟ್ಟಿದ್ದು. ನಿಮ್ಮ ಅಜ್ಜಿಯ ಕೈಗಂತೂ ಯಾವ ಸೂತ್ರವೂ ಇಲ್ಲ ಬಿಡಿ.

ಸೇಡಂ_ಸಿದ್ರಾಮ
ಎಲ್ಲರೂ ದಾಳ, ಕವಡೆ ಅಂತ ಹೋದಿರಿ. ಇತಿಹಾಸದ ಮಾತು ಯಾರೂ ಎತ್ತಲಿಲ್ಲ ನೋಡ್ರಿ. "ವೇದಕಾಲ" ಅನ್ನೋದು ಸುಳ್ಳು, ಖರೆ. ಆದರೆ ಈ ಸಂಖ್ಯೆ ನಮ್ಮದಲ್ಲ ಅಂತಲೂ ಅಲ್ಲ. 12345654321 ಇದೇ ರೂಪದಲ್ಲಿ, ಒಂದು ಅಂಕಿಯೂ ವ್ಯತ್ಯಾಸವಿಲ್ಲದೆ, ಮಹಾವೀರಾಚಾರ್ಯನ ಗಣಿತಸಾರಸಂಗ್ರಹದಲ್ಲಿ ಬರುತ್ತದೆ. ಸುಮಾರು ಕ್ರಿ.ಶ. 850ರ ಪುಸ್ತಕ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲ. ಗ್ರಂಥದ ಆರಂಭದಲ್ಲೇ ನೃಪತುಂಗನನ್ನು ಹೊಗಳುತ್ತಾನೆ.

ಅಲ್ಲಿ ಅವನು ಕೊಡುವ ಲೆಕ್ಕ ಇದು: 27994681 ಅನ್ನು 441ರಿಂದ ಗುಣಿಸಿರಿ. ಉತ್ತರ 12345654321. "ಏಕಾದಿಷಡಂತಾನಿ ಕ್ರಮೇಣ ಹೀನಾನಿ" ಅನ್ನುತ್ತಾನೆ, ಅಂದರೆ ಒಂದರಿಂದ ಆರರವರೆಗೆ ಹತ್ತಿ ಆಮೇಲೆ ಒಂದೊಂದೇ ಇಳಿಯುವುದು. ಹೀಗೆ ಎರಡೂ ಕಡೆಯಿಂದ ಒಂದೇ ಥರ ಓದುವ ಉತ್ತರಗಳನ್ನು ಕೊರಳ ಹಾರಕ್ಕೆ ಹೋಲಿಸುತ್ತಾನೆ. ನೃಪತುಂಗನ ರಾಜಧಾನಿ ಮಾನ್ಯಖೇಟ ಅಂದರೆ ನಮ್ಮ ಸೇಡಂ ತಾಲೂಕಿನ ಮಳಖೇಡ. ಕಾಗಿಣಾ ನದಿ ದಂಡಿ ಮೇಲೆ ಕೋಟೆ ಇದೆ, ಬಂದು ನೋಡಿ ಹೋಗ್ರಿ.

ಸುಮ್ನೆ_ಓದುಗ
ಮಹಾವೀರ ಕ್ರಿಸ್ತಪೂರ್ವದವನಲ್ವಾ? 850 ಎಲ್ಲಿಂದ ಬಂತು?

ಸೇಡಂ_ಸಿದ್ರಾಮ
ಅವರು ತೀರ್ಥಂಕರರು. ಇವನು ಗಣಿತದ ಮಹಾವೀರಾಚಾರ್ಯ, ಜೈನನೇ. ನಡುವೆ ಸಾವಿರ ವರ್ಷಕ್ಕಿಂತ ಜಾಸ್ತಿ ಅಂತರ ಐತ್ರಿ.

ಹಾಸನದ_ಹರಟೆ
ಅಯ್ಯೋ, ಹಾಗಾದರೆ ಮಾವ ಅರ್ಧ ಗೆದ್ದ ಹಾಗಾಯಿತು!

ಕೋಡ್_ಕುಮಾರ
ಕಾಲು ಗೆದ್ದರು ಅನ್ನಿ. ವೇದ ಅಲ್ಲ, ರಹಸ್ಯ ಅಲ್ಲ, ಹುಡುಗರಿಗೆ ಕೊಟ್ಟ ಗುಣಾಕಾರದ ಲೆಕ್ಕ.

ಅನುಮಾನಪ್ಪ
ಸಿದ್ರಾಮಣ್ಣ, ಒಂದು ಪ್ರಶ್ನೆ. ಮಹಾವೀರಾಚಾರ್ಯನಿಗೆ ಇದು 111111ರ ವರ್ಗ ಅಂತ ಗೊತ್ತಿತ್ತಾ? ಗೊತ್ತಿದ್ದರೆ ನೇರವಾಗಿ 111111 ಅನ್ನು ವರ್ಗ ಮಾಡಿ ಅಂತ ಹೇಳುತ್ತಿದ್ದ. ಈ 441, 27994681 ಯಾಕೆ ಬೇಕಿತ್ತು? ನನಗೆ ಅನಿಸೋದು, ಚೆಂದದ ಉತ್ತರ ಒಂದನ್ನು ಮೊದಲು ಬರೆದುಕೊಂಡ. ಅದಕ್ಕೆ ಯಾವುದರಿಂದ ಭಾಗ ಹೋಗುತ್ತದೆ ಅಂತ ಹುಡುಕಿದ. ಸಿಕ್ಕಿದ್ದನ್ನು ಲೆಕ್ಕ ಮಾಡಿ ಕೊಟ್ಟ. ನಾವು ಈಗ ಇಲ್ಲದ್ದನ್ನೆಲ್ಲ ಅವನ ಬಾಯಿಗೆ ತುರುಕುತ್ತಿದ್ದೇವೆ.

ನಿವೃತ್ತ_ಮೇಷ್ಟ್ರು
ಅನುಮಾನಪ್ಪನವರೇ, 441ರ ಕಡೆ ಸ್ವಲ್ಪ ನೋಡಿ. ಅದು 21ರ ವರ್ಗ. ಈಗ 27994681ರ ವರ್ಗಮೂಲ ತೆಗೆಯಿರಿ. 5291. ಸರಿಯಾಗಿ, ಶೇಷವಿಲ್ಲದೆ. 21 ಗುಣಿಲೆ 5291 ಎಷ್ಟು? 111111. ಎರಡೂ ತುಂಡು ಪೂರ್ಣ ವರ್ಗಗಳು. ಸುಮ್ಮನೆ ಹುಡುಕಿದವನಿಗೆ ಹೀಗೆ ಸಿಗುತ್ತದಾ?

ಅನುಮಾನಪ್ಪ
ಸಿಗಬಹುದು. 9ರಿಂದ ಭಾಗ ಹೋಗುತ್ತದೆ ಅಂತ ಅಂಕಿ ಕೂಡಿದರೇ ಗೊತ್ತಾಗುತ್ತದೆ. 7ರಿಂದ ಭಾಗಿಸಿ ನೋಡಿದ, ಹೋಯಿತು. ಇನ್ನೊಮ್ಮೆ 7ರಿಂದ, ಅದೂ ಹೋಯಿತು. 9 ಗುಣಿಲೆ 49, 441. ನಿಲ್ಲಿಸಿದ. ವರ್ಗ ಅಂತ ತಿಳಿಯದೆಯೂ ಅಲ್ಲಿಗೆ ಬರಬಹುದು. ಇನ್ನೊಂದು ವಿಷಯ, ಈ ಲೆಕ್ಕ ಬರುವುದು ಗುಣಾಕಾರದ ಭಾಗದಲ್ಲಿ. ವರ್ಗಕ್ಕೆ ಅದೇ ಪುಸ್ತಕದಲ್ಲಿ ಬೇರೆ ಭಾಗವೇ ಇದೆ. ಗೊತ್ತಿದ್ದವನು ಅಲ್ಲಿ ಹಾಕುತ್ತಿರಲಿಲ್ಲವಾ?

ಪದ್ಮಕ್ಕ_ಮೈಸೂರು
ಸಾಧ್ಯತೆ ಲೆಕ್ಕ ಹಾಕೋಣ. 111111 ಅನ್ನು ಒಡೆದರೆ 3, 7, 11, 13, 37. ಐದು ಬೇರೆ ಬೇರೆ ಅವಿಭಾಜ್ಯ ಸಂಖ್ಯೆಗಳು. ಅದರ ವರ್ಗದಲ್ಲಿ ಒಂದೊಂದೂ ಎರಡೆರಡು ಸಲ. ಒಂದು ಭಾಜಕ ಮಾಡಬೇಕಾದರೆ ಪ್ರತಿಯೊಂದನ್ನೂ ಸೊನ್ನೆ ಸಲ, ಒಂದು ಸಲ, ಇಲ್ಲವೇ ಎರಡು ಸಲ ತೆಗೆದುಕೊಳ್ಳಬಹುದು. ಮೂರನ್ನು ಐದು ಸಲ ಬರೆದು ಗುಣಿಸಿದರೆ 243 ಭಾಜಕಗಳು. ಇದರಲ್ಲಿ ಪೂರ್ಣ ವರ್ಗ ಆಗುವುದು ಸೊನ್ನೆ ಅಥವಾ ಎರಡು ಸಲ ಮಾತ್ರ ತೆಗೆದುಕೊಂಡವು, ಅಂದರೆ 32. ಕಣ್ಣು ಮುಚ್ಚಿ ಒಂದು ಭಾಜಕ ಎತ್ತಿದರೆ ಅದು ವರ್ಗ ಆಗುವ ಸಾಧ್ಯತೆ ಸುಮಾರು ಎಂಟರಲ್ಲಿ ಒಂದು. ಆಕಸ್ಮಿಕ ಅಂತ ತಳ್ಳಿಹಾಕುವಷ್ಟು ಜಾಸ್ತಿಯೂ ಅಲ್ಲ, ಪುರಾವೆ ಅನ್ನುವಷ್ಟು ಕಡಿಮೆಯೂ ಅಲ್ಲ.

ಅನುಮಾನಪ್ಪ
ಅದನ್ನೇ ನಾನು ಹೇಳಿದ್ದು. ಮತ್ತೆ ಅವನೇನು ಕಣ್ಣು ಮುಚ್ಚಿ ಎತ್ತಿದವನಲ್ಲ, ಚಿಕ್ಕ ಸಂಖ್ಯೆಯಿಂದ ಶುರು ಮಾಡಿರುತ್ತಾನೆ.

ಸೇಡಂ_ಸಿದ್ರಾಮ
ಬರೀ ಇದೊಂದೇ ಲೆಕ್ಕ ಇದ್ದಿದ್ದರೆ ನಿಮ್ಮ ಮಾತು ಒಪ್ಪುತ್ತಿದ್ದೆ. ಅವನ ಬೇರೆ ಹಾರಗಳನ್ನೂ ನೋಡ್ರಿ. 12345679 ಗುಣಿಲೆ 9 ಮಾಡಿದರೆ 111111111. 152207 ಗುಣಿಲೆ 73 ಮಾಡಿದರೆ 11111111. 139 ಗುಣಿಲೆ 109 ಮಾಡಿದರೆ 15151. 333333666667 ಗುಣಿಲೆ 33 ಮಾಡಿದರೆ 11000011000011. ಕೈಯಲ್ಲಿ ಮಾಡಿದ್ದು, ಎಲ್ಲಾ ಸರಿ ಬರುತ್ತವೆ.

ಎಂಟು ಒಂದುಗಳಿಗೆ 73 ಭಾಜಕ ಅಂತ ಸುಮ್ಮನೆ ಗೊತ್ತಾಗಲ್ಲ. ಹಾಗೇ 15151ಕ್ಕೆ 109. ಅಂಕಿಗಳನ್ನು ಕೂಡಿ ತಿಳಿಯುವ ಜಾತಿಯಲ್ಲ ಇವು. ಬರೀ ಒಂದುಗಳಿಂದ ಆದ ಸಂಖ್ಯೆಗಳನ್ನು ಕೂತು ಒಡೆದು ನೋಡಿದವನು ಇವನು. ಅಂಥವನಿಗೆ 111111ರ ವರ್ಗ ಕಾಣಲಿಲ್ಲ ಅಂದರೆ ನಾನು ನಂಬಲ್ಲ. ಗುಣಾಕಾರದ ಭಾಗದಲ್ಲಿ ಹಾಕಿದ್ದು ಯಾಕೆ ಅಂದರೆ, ವರ್ಗ ಅಂತ ಹೇಳಿದರೆ ಹುಡುಗರಿಗೆ ಮೊದಲೇ ಗುಟ್ಟು ಬಿಟ್ಟುಕೊಟ್ಟ ಹಾಗಾಗುತ್ತದೆ. ಪೂರಾ ಗುಣಿಸಿ, ಉತ್ತರ ಕಂಡು ಹೌಹಾರಬೇಕು ಅಂತಲೇ ಅವನ ಆಸೆ.

ನಿವೃತ್ತ_ಮೇಷ್ಟ್ರು
ನನಗೂ ಹಾಗೇ ಅನಿಸುತ್ತದೆ. ಮಗ್ಗಿ ಕಲಿಸಿದವರಿಗೆ ಇದು ಗೊತ್ತು. ಉತ್ತರ ಚೆಂದ ಬಂದರೆ ತಪ್ಪಿಲ್ಲ ಅಂತ ಹುಡುಗನಿಗೇ ತಿಳಿಯುತ್ತದೆ, ತಿದ್ದಿಕೊಡುವ ಕೆಲಸ ನಮಗೆ ತಪ್ಪುತ್ತದೆ.

ತುಳುನಾಡ_ತುಡರ್
ಒಂಬತ್ತರ ತಾಳೆ ನೋಡಿದರೂ ಆಗುತ್ತದಲ್ಲ ಮೇಷ್ಟ್ರೇ? ಅಂಕಿಗಳನ್ನು ಕೂಡಿ ಒಂಬತ್ತು ಕಳೆಯುವುದು.

ನಿವೃತ್ತ_ಮೇಷ್ಟ್ರು
ಈ ಲೆಕ್ಕಕ್ಕೆ ಅದು ದುರ್ಬಲ. 441ರ ಅಂಕಿಗಳ ಮೊತ್ತವೇ 9. ಹಾಗಾಗಿ ಇನ್ನೊಂದು ಸಂಖ್ಯೆ ಏನೇ ಇರಲಿ, ತಾಳೆ ಸೊನ್ನೆಯೇ ಬರುತ್ತದೆ. 27994681ರಲ್ಲಿ ಒಂದು ಅಂಕಿ ತಪ್ಪು ಬರೆದುಕೊಂಡಿದ್ದರೂ ಪಾಸ್! ಇಲ್ಲಿ ಹನ್ನೊಂದರ ತಾಳೆ ನೋಡಬೇಕು. ಒಂದು ಬಿಟ್ಟು ಒಂದು ಅಂಕಿ ಕೂಡಿ ಕಳೆಯಿರಿ: 1 ಕಳೆ 2 ಕೂಡು 3 ಕಳೆ 4 ಕೂಡು 5 ಕಳೆ 6 ಕೂಡು 5 ಕಳೆ 4 ಕೂಡು 3 ಕಳೆ 2 ಕೂಡು 1. ಸೊನ್ನೆ. 11ರಿಂದ ಭಾಗ ಹೋಗುತ್ತದೆ.

ಅನುಮಾನಪ್ಪ
ಮಹಾವೀರಾಚಾರ್ಯನನ್ನ ದೇವರು ಮಾಡಬೇಡಿ ಅಷ್ಟೇ ನನ್ನ ಮಾತು. ಇದೇ ಪುಸ್ತಕದಲ್ಲಿ ಒಂದು ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಹಾಗೇ ಉಳಿಯುತ್ತದೆ ಅಂತಲೂ ಬರೆದಿದ್ದಾನೆ.

ಸೇಡಂ_ಸಿದ್ರಾಮ
ಹೌದು, ಬರೆದಿದ್ದಾನೆ, ತಪ್ಪೇ. ಋಣ ಸಂಖ್ಯೆಗೆ ವರ್ಗಮೂಲ ಇರಲ್ಲ ಅಂತಲೂ ಬರೆದಿದ್ದಾನೆ, ಅದು ಆ ಕಾಲಕ್ಕೆ ಸರಿಯಾದ ಮಾತು. ಎರಡನ್ನೂ ಹೇಳ್ರಿ. ಸಂಖ್ಯೆಗಳ ಸ್ಥಾನಕ್ಕೆ ಹೆಸರು ಕೊಡುವಾಗ 24 ಸ್ಥಾನಗಳವರೆಗೆ, ಮಹಾಕ್ಷೋಭದವರೆಗೆ ಹೋಗುತ್ತಾನೆ. ಆ ಪಟ್ಟಿಯಲ್ಲಿ ನಮ್ಮ ಸಂಖ್ಯೆಯ ಮೊದಲ 1 ಇರೋದು ಅರ್ಬುದದ ಸ್ಥಾನದಲ್ಲಿ, ಹನ್ನೊಂದನೆಯದು.

ಎಕ್ಸೆಲ್_ಎಂಕಣ್ಣ
ನಾವು ಇದನ್ನ ಓದಬೇಕಾದರೆ ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ ಐವತ್ತಾರು ಲಕ್ಷದ ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು. ಉಸಿರು ಕಟ್ಟುತ್ತದೆ.

ಮುಂಬೈ_ಕನ್ನಡಿಗ
ಇಷ್ಟೆಲ್ಲ ಆಯಿತು, ಕಾಪ್ರೇಕರ್ ಹೆಸರು ಯಾರೂ ಹೇಳಲಿಲ್ಲ. ನಾಸಿಕ್ ಹತ್ತಿರದ ದೇವಳಾಲಿಯಲ್ಲಿ ಶಾಲೆ ಮೇಷ್ಟ್ರಾಗಿದ್ದವರು, 1905ರಿಂದ 1986. 1, 121, 12321 ಹೀಗೆ ಹೋಗುವ ಸಂಖ್ಯೆಗಳಿಗೆ ಡೆಮ್ಲೋ ಸಂಖ್ಯೆ ಅಂತ ಹೆಸರು ಕೊಟ್ಟಿದ್ದು ಅವರೇ. ಡೆಮ್ಲೋ ಅಂದರೆ ಯಾವ ಗಣಿತಜ್ಞನ ಹೆಸರೂ ಅಲ್ಲ, ಮುಂಬೈಯಿಂದ ಸುಮಾರು 30 ಮೈಲಿ ದೂರದಲ್ಲಿದ್ದ ಒಂದು ರೈಲ್ವೆ ಸ್ಟೇಷನ್. ಅಲ್ಲಿದ್ದಾಗ ಈ ಯೋಚನೆ ಹೊಳೆಯಿತಂತೆ. ನಮ್ಮ ಲೋಕಲ್ ಟ್ರೈನಿನ ನೂಕುನುಗ್ಗಲಲ್ಲಿ ನನಗೆ ಜೇಬು ಬಿಟ್ಟು ಬೇರೆ ಯಾವ ಯೋಚನೆಯೂ ಬರಲ್ಲ.

ಸುಮ್ನೆ_ಓದುಗ
6174 ಅವರದ್ದೇ ಅಲ್ವಾ? ನಾಲ್ಕಂಕಿ ಸಂಖ್ಯೆ ತಗೊಂಡು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ, ತಿರುಗಿಸಿ ಕಳೆಯೋದು?

ಮುಂಬೈ_ಕನ್ನಡಿಗ
ಅವರದ್ದೇ. ಅದಕ್ಕೆ ಬೇರೆ ಹರಟೆ ಶುರು ಮಾಡಿ, ಇಲ್ಲಿ ಬೆರೆಸಬೇಡಿ.

ಗಣಿತದ_ಗೀಳು
ತಡವಾಗಿ ಬಂದೆ. ಮೂಲ ಪ್ರಶ್ನೆಯ ಕೊನೆಯ ಭಾಗ ಹಾಗೇ ಉಳಿದಿದೆ: ಅಂದ ಬಿಟ್ಟು ಬೇರೆ ಏನಿದೆ? ತುಂಬಾ ಇದೆ. ನನ್ನ ಪ್ರಕಾರ ಹತ್ತಿ ಇಳಿಯುವುದೇ ಈ ಸಂಖ್ಯೆಯ ಅತಿ ಸಪ್ಪೆ ಗುಣ.

ಪದ್ಮಕ್ಕ ಒಡೆದು ತೋರಿಸಿದರಲ್ಲ, 3, 7, 11, 13, 37. ಇದರಲ್ಲಿ 13 ಮತ್ತು 37 ಮಾತ್ರ ನಾಲ್ಕರಿಂದ ಭಾಗಿಸಿದರೆ 1 ಉಳಿಯುವ ಅವಿಭಾಜ್ಯಗಳು. ಅಂಥವನ್ನು ಎರಡು ವರ್ಗಗಳ ಮೊತ್ತವಾಗಿ ಬರೆಯಬಹುದು, ಅವುಗಳ ವರ್ಗವನ್ನೂ ಬರೆಯಬಹುದು. 13ಕ್ಕೆ 5 ಮತ್ತು 12ರ ತ್ರಿಭುಜ, 37ಕ್ಕೆ 12 ಮತ್ತು 35ರ ತ್ರಿಭುಜ. ಇವನ್ನು ಹಿಗ್ಗಿಸಿದರೆ 111111 ವಿಕರ್ಣವಾಗಿರುವ ಲಂಬಕೋನ ತ್ರಿಭುಜಗಳು ಸಿಗುತ್ತವೆ. ಪೂರ್ಣ ಸಂಖ್ಯೆಯ ಬಾಹುಗಳಿರುವಂಥವು ಒಟ್ಟು ನಾಲ್ಕು:

36036 ಮತ್ತು 105105
42735 ಮತ್ತು 102564
73689 ಮತ್ತು 83160
7161 ಮತ್ತು 110880

ಯಾವ ಜೋಡಿಯನ್ನಾದರೂ ತೆಗೆದುಕೊಂಡು, ಎರಡನ್ನೂ ವರ್ಗ ಮಾಡಿ ಕೂಡಿ. 12345654321 ಬರುತ್ತದೆ. ಮೊದಲನೆಯದನ್ನು ನೋಡಿ: 1298593296 ಕೂಡು 11047061025. ಈ ಎರಡು ಒರಟು ಸಂಖ್ಯೆಗಳನ್ನು ಕೂಡಿದಾಗ ಎಲ್ಲಾ ಅಂಕಿಗಳೂ ಸಾಲಾಗಿ ನಿಲ್ಲುತ್ತವೆ. ವಾಟ್ಸಾಪಿನವರು ಇದನ್ನು ಹಾಕಿದ್ದರೆ ನಾನೇ ಹತ್ತು ಜನಕ್ಕೆ ಕಳಿಸುತ್ತಿದ್ದೆ.

ಕೋಡ್_ಕುಮಾರ
ತಾಳೆ ನೋಡಿದೆ, ನಾಲ್ಕೂ ಸರಿ. ಐದನೆಯದು ಇದೆಯಾ ಅಂತ 1ರಿಂದ 111110ರವರೆಗೆ ಓಡಿಸಿದೆ, ಇಲ್ಲ.

ಒಂದು ನಿಮಿಷ. ಎರಡನೇ ಜೋಡಿಯಲ್ಲಿ 102564 ಇದೆಯಲ್ಲ, ಅದನ್ನು 4ರಿಂದ ಗುಣಿಸಿ. 410256. ಕೊನೆಯ 4 ಎದ್ದು ಮುಂದೆ ಬಂದು ಕೂತಿತು!

ಗಣಿತದ_ಗೀಳು
ಅದು ಒಳ್ಳೇ ಕಣ್ಣು ಕುಮಾರ. 102564 ಅದೇ ಗುಣಕ್ಕೆ ಹೆಸರಾದ ಸಂಖ್ಯೆ. ಕೊನೆಯ ಅಂಕಿ ಮುಂದೆ ಬಂದರೆ ನಾಲ್ಕು ಪಟ್ಟು ಆಗುವ ಅತಿ ಚಿಕ್ಕ ಸಂಖ್ಯೆ ಅದು. ಇಲ್ಲಿ ಬಂದಿದ್ದು ಆಕಸ್ಮಿಕ ಅಲ್ಲ. 4 ಅನ್ನು 39ರಿಂದ ಭಾಗಿಸಿದರೆ ದಶಾಂಶದಲ್ಲಿ 102564 ಅನ್ನುವ ಆರು ಅಂಕಿ ಸುತ್ತುತ್ತಲೇ ಇರುತ್ತವೆ. ಆರು ಅಂಕಿ ಸುತ್ತುವ ಯಾವ ಭಿನ್ನರಾಶಿಗೂ ಬೇರು 999999ರಲ್ಲಿ ಇರುತ್ತದೆ, 999999 ಅಂದರೆ ಒಂಬತ್ತು ಸಲ 111111. ಏಳರಿಂದ ಭಾಗಿಸಿದಾಗ ಬರುವ 142857 ಕೂಡ ಇದೇ ಮನೆಯದು, 142857 ಗುಣಿಲೆ 7 ಅಂದರೆ 999999.

ಹಾಸನದ_ಹರಟೆ
ತಲೆ ಸುತ್ತುತ್ತಿದೆ, ಆದರೆ ಬಿಡಬೇಡಿ. 243 ಭಾಜಕ ಅಂದರೆ ಜಾಸ್ತಿನಾ?

ಗಣಿತದ_ಗೀಳು
ಬೆಸ ಸಂಖ್ಯೆಗೆ ಜಾಸ್ತಿಯೇ. ಎಷ್ಟು ಜಾಸ್ತಿ ಅಂದರೆ, ತನ್ನನ್ನು ಬಿಟ್ಟು ಉಳಿದ 242 ಭಾಜಕಗಳನ್ನು ಕೂಡಿದರೆ 13029870672 ಬರುತ್ತದೆ. ಸಂಖ್ಯೆಗಿಂತ ಭಾಜಕಗಳ ಮೊತ್ತವೇ ದೊಡ್ಡದು! 12, 18, 20 ಥರ ಸಮಸಂಖ್ಯೆಗಳಲ್ಲಿ ಇದು ಮಾಮೂಲು. ಬೆಸದಲ್ಲಿ ಅಪರೂಪ, ಅತಿ ಚಿಕ್ಕದು 945. ನಮ್ಮದೂ ಆ ಪಂಗಡಕ್ಕೆ ಸೇರಿದ್ದು. ಭಾಜಕಗಳ ಎಣಿಕೆ 243 ಬೆಸ ಇದೆ ನೋಡಿ, ಪೂರ್ಣ ವರ್ಗಗಳಿಗೆ ಮಾತ್ರ ಹಾಗೆ. ಉಳಿದ ಸಂಖ್ಯೆಗಳಲ್ಲಿ ಭಾಜಕಗಳು ಜೋಡಿ ಜೋಡಿಯಾಗಿ ಬರುತ್ತವೆ. ಇಲ್ಲಿ 111111ಕ್ಕೆ ಜೋಡಿ ಅದೇ.

ಮಲೆನಾಡ್_ಮಂಜ
ಹಾಗಾದರೆ 12345678987654321 ಇನ್ನೂ ದೊಡ್ಡದಲ್ವಾ? ಅದಕ್ಕೆ ಸಾವಿರ ಭಾಜಕ ಇರಬೇಕು.

ಪದ್ಮಕ್ಕ_ಮೈಸೂರು
ಇಲ್ಲ ಮಂಜ, ಬರೀ 45. ಒಂಬತ್ತು ಒಂದುಗಳನ್ನು ಒಡೆದರೆ 3, 3, 37, 333667 ಅಷ್ಟೇ. ಆ 333667 ಅವಿಭಾಜ್ಯ, ಇನ್ನು ಒಡೆಯಲ್ಲ. ಅದರ ವರ್ಗದಲ್ಲಿ 3 ನಾಲ್ಕು ಸಲ, ಉಳಿದೆರಡು ಎರಡೆರಡು ಸಲ. ಐದು ಗುಣಿಲೆ ಮೂರು ಗುಣಿಲೆ ಮೂರು.

ಏಳು ಒಂದುಗಳು ಇನ್ನೂ ಬಡವು. 1111111 ಅಂದರೆ 239 ಗುಣಿಲೆ 4649, ಅಷ್ಟೇ. ಹಾಗಾಗಿ 1234567654321ಕ್ಕೆ ಬರೀ 9 ಭಾಜಕ. ಐದು ಒಂದುಗಳೂ ಹಾಗೇ, 41 ಗುಣಿಲೆ 271.

ಮಲೆನಾಡ್_ಮಂಜ
ಆರಕ್ಕೆ ಮಾತ್ರ ಯಾಕೆ ಇಷ್ಟು ಪ್ರೀತಿ?

ನಿವೃತ್ತ_ಮೇಷ್ಟ್ರು
ಆರನ್ನು ಎರಡು ಥರ ಕಟ್ಟಬಹುದಲ್ಲಪ್ಪ. ಮೂರು ಜೊತೆ 11 ಅಂತ ನೋಡಿದರೆ 111111 ಅಂದರೆ 11 ಗುಣಿಲೆ 10101. ಎರಡು ಸಲ 111 ಅಂತ ನೋಡಿದರೆ 111 ಗುಣಿಲೆ 1001. ಆ 1001ರಲ್ಲೇ 7, 11, 13 ಮೂರೂ ಕೂತಿವೆ. 111ರಲ್ಲಿ 3 ಮತ್ತು 37. ಐದು ಮತ್ತು ಏಳು ತಾವೇ ಅವಿಭಾಜ್ಯ, ಹಾಗಾಗಿ ಅಷ್ಟು ಒಂದುಗಳನ್ನು ಸಮನಾದ ಗುಂಪು ಮಾಡೋಕೆ ಆಗಲ್ಲ. ಆಗದಿದ್ದ ಮಾತ್ರಕ್ಕೆ ಭಾಜಕವೇ ಇರಲ್ಲ ಅಂತಲ್ಲ, ಸುಲಭದ್ದು ಸಿಗಲ್ಲ ಅಷ್ಟೇ.

ಹುಡುಗರಿಗೆ ತೋರಿಸೋದಾದರೆ ಇದನ್ನು ಮಾಡಿಸಿ. ಯಾವುದಾದರೂ ಮೂರಂಕಿ ಬರೆಸಿ, ಪಕ್ಕದಲ್ಲಿ ಅದನ್ನೇ ಇನ್ನೊಮ್ಮೆ ಬರೆಸಿ. 7ರಿಂದ ಭಾಗಿಸಲಿ, ಬಂದದ್ದನ್ನು 11ರಿಂದ, ಅದನ್ನು 13ರಿಂದ. ಒಂದು ಸಲವೂ ಶೇಷ ಬರಲ್ಲ, ಕೊನೆಗೆ ಮೊದಲು ಬರೆದ ಮೂರಂಕಿಯೇ ಕೈಗೆ ಬರುತ್ತದೆ.

ಎಕ್ಸೆಲ್_ಎಂಕಣ್ಣ
583583 ಹಾಕಿದೆ. 83369, 7579, 583. ಬಂತು! ಇದು 15 ಅಂಕಿ ಒಳಗೇ ಇದೆ, ನಂಬಬಹುದು.

ಅನುಮಾನಪ್ಪ
ಮಹಾವೀರಾಚಾರ್ಯನ ಮಾತಿಗೆ ಮತ್ತೆ ಬರುತ್ತೇನೆ. ಅವನು ಬೇರೆ ಕಡೆ 11011011 ಗುಣಿಲೆ 91 (ಅಂದರೆ 7 ಗುಣಿಲೆ 13) ಅಂತ ಕೊಟ್ಟಿದ್ದರೆ ಮಾತ್ರ 7 ಮತ್ತು 13ರ ಈ ಆಟ ಗೊತ್ತಿತ್ತು ಅಂತ ಒಪ್ಪುತ್ತೇನೆ.

ಸೇಡಂ_ಸಿದ್ರಾಮ
ಕೊಟ್ಟಿದ್ದಾನಲ್ರೀ! ಅದೇ ಸಾಲಿನಲ್ಲಿ ಇದೆ. ಉತ್ತರ 1002002001. ಓದಿಯೇ ಕೇಳಿದಿರೋ ಹೆಂಗೆ?

ಅನುಮಾನಪ್ಪ
ಓದಿದ್ದೆ. ನೀವು ಓದಿದ್ದೀರಾ ಅಂತ ನೋಡಿದೆ. 7 ಮತ್ತು 13 ಗೊತ್ತಿತ್ತು, ಅದು ಒಪ್ಪಿಗೆ. ವರ್ಗದ ವಿಷಯ ಇನ್ನೂ ಒಪ್ಪಿಲ್ಲ.